ಹನ್ನೊಂದರ ಮೇಲೆ

ಮಂಚದ ಕೆಳಗೆ ಟೇಪು ಹಿಡಿದು ತೂರಿದಳು ಅಮ್ಮ,
ತುಟಿಯ ನಡುವೆ ಎರಡು ಗುಂಡುಸೂಜಿ, ಅಭ್ಯಾಸಬಲ.
"ಉದ್ದ ನಲವತ್ತು. ಎತ್ತರ ಇಪ್ಪತ್ತೊಂಬತ್ತು.
ಒಂದು ನೂಲು ಹೆಚ್ಚಾದರೂ ನಿನ್ನ ಪೆಟ್ಟಿಗೆ
ಮೆಟ್ಟಿಲ ಮೇಲೆ ಮಲಗುತ್ತದೆ, ಪಕ್ಕದಲ್ಲಿ ನೀನು."

ಶಾಮ್ ಶುಯಿ ಪೋ, ಏಳನೆಯ ಮಹಡಿ.
ಒಂದು ಮನೆಯನ್ನು ಹಲಗೆಯಿಂದ ಐದು ಮಾಡಿದ್ದಾರೆ.
ಆಚೆ ಬದಿಯ ಫಂಗ್ ಮುದುಕ ಕೆಮ್ಮಿದರೆ
ನಮ್ಮ ಲೋಟದ ಚಹಾಕ್ಕೆ ಸುಕ್ಕು ಬೀಳುತ್ತದೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು
ನಮಗೆ ಯಾರೂ ಹೇಳಿಕೊಡಬೇಕಿಲ್ಲ:
ಚಾಚಿದರೆ ಬಾಗಿಲು ತೆರೆಯದು.

ಬಿಸ್ಕತ್ತಿನ ಡಬ್ಬಿಯಲ್ಲಿ ಒಂಬತ್ತು ಸಾವಿರ ಡಾಲರು,
ಎರಡು ವರ್ಷ ಚಹಾದಂಗಡಿಯ ತಟ್ಟೆ ತಿಕ್ಕಿದ್ದು.
ನೋಟುಗಳಿಗೆ ಇನ್ನೂ ಸೋಪಿನ ವಾಸನೆ
ಎಂದು ನನಗನ್ನಿಸುತ್ತದೆ. ಮೋಕ್‌ಗೆ ಅನ್ನಿಸಲಿಲ್ಲ.
ಕನ್ನಡಕ ಹಣೆಗೇರಿಸಿ ಎರಡು ಸಲ ಎಣಿಸಿದ,
ಕಿವಿಯ ಮೇಲಿನ ಸ್ಕ್ರೂಡ್ರೈವರ್ ಅಲುಗದ ಹಾಗೆ.

"ಹದಿನಾರು ಕೋರ್ ಬೇಕು," ಎಂದೆ.
"ಎಂಟು ಸಾಕು. ಆಡುವುದು ಒಂದು ಕೆಲಸ,
ಆಡಿದ್ದನ್ನು ಜಗತ್ತಿಗೆ ತೋರಿಸುವುದು ಇನ್ನೊಂದು,
ಆ ಇನ್ನೊಂದನ್ನು ಗ್ರಾಫಿಕ್ಸ್ ಕಾರ್ಡೇ ಹೊತ್ತುಕೊಳ್ಳುತ್ತದೆ."
ಮೆಮೊರಿ ಹದಿನಾರರ ಜೋಡಿ.
ಬಣ್ಣ ಬಣ್ಣದ ದೀಪ ಉರಿಯುವುದನ್ನು ಕೈಗೆತ್ತಿಕೊಂಡೆ,
ನಾಲ್ಕಡಿ ದೂರದಲ್ಲಿ ಅಮ್ಮ ಮಲಗುವುದು ನೆನಪಾಗಿ
ಕಪ್ಪಗೆ ಸುಮ್ಮನಿರುವುದನ್ನು ತೆಗೆದುಕೊಂಡೆ.
ಅರವತ್ತು ಡಾಲರು ಉಳಿಯಿತು. ಆಸೆ ಉಳಿಯಿತು, ಅದೂ ನಿಜ.

ಆಮೇಲೆ ಆ ಕಾರ್ಡು.
ಮೂರು ಫ್ಯಾನು, ಮಗುವಿನಷ್ಟು ತೂಕ.
ಅಮ್ಮ ಚೀಲದಿಂದ ಟೇಪು ಎಳೆದಳು: ಮೂವತ್ತೆರಡೂವರೆ.
ಪೆಟ್ಟಿಗೆಯ ಒಳಗೆ ಜಾಗ ಮೂವತ್ತೆರಡು.
ನಾನು ಓರೆಯಾಗಿ ಹಿಡಿದೆ, ತಿರುಗಿಸಿದೆ, ಉಸಿರು ಬಿಗಿಹಿಡಿದೆ,
ಕಾರ್ಡು ಉಸಿರು ಬಿಗಿಹಿಡಿಯಲಿಲ್ಲ.
"ಲೋಹ, ಅಕ್ಕ," ಮೋಕ್ ನಕ್ಕ, "ಹೊಲಿಗೆ ಬಿಚ್ಚಿ ಸಡಿಲ ಮಾಡಲಾಗದು."
"ಅಂಚು ಬಿಡದೆ ಕತ್ತರಿಸುವವನಿಗೆ," ಅಮ್ಮ ಟೇಪು ಸುತ್ತುತ್ತಾ,
"ನಾನು ಬಟ್ಟೆ ಕೊಡುವುದಿಲ್ಲ."
ಎರಡು ಫ್ಯಾನಿನದು ಕಟ್ಟಿಸಿಕೊಂಡೆವು.

ಕೊನೆಗೆ ಪವರ್ ಸಪ್ಲೈ. ಆರುನೂರು ವ್ಯಾಟ್.
ಅಷ್ಟು ಹೊತ್ತು ಮಾತು ಕಡಿಮೆ ಆಡಿದ್ದ ಅಮ್ಮ ಕೇಳಿದಳು,
"ನನ್ನ ಇಸ್ತ್ರಿಪೆಟ್ಟಿಗೆಯೂ ಕಾದಿದ್ದರೆ?"
ಮೋಕ್ ಕನ್ನಡಕವನ್ನು ಮೂಗಿಗೆ ಇಳಿಸಿದ.
ಐದು ಕೋಣೆಗೆ ಒಂದೇ ಫ್ಯೂಸು. ಅವನೂ
ಅಂಥದೇ ಕೋಣೆಯಲ್ಲಿ ಬೆಳೆದವನಿರಬೇಕು, ಲೆಕ್ಕ ಬರೆಯಲಿಲ್ಲ,
"ಒಂದು ಆರಿದ ಮೇಲೆ ಇನ್ನೊಂದು," ಎಂದಷ್ಟೇ ಹೇಳಿದ.

ಹೀಗೆ ನನ್ನ ಆಟ ಹನ್ನೊಂದರ ಮೇಲೆ.
ಮದುವಣಗಿತ್ತಿಯರ ಲಂಗಗಳು ಗೋಡೆಗೆ ನೇತುಬಿದ್ದ ಮೇಲೆ,
ಇಸ್ತ್ರಿ ತಣ್ಣಗಾಗಿ ಟಿಕ್ ಟಿಕ್ ಎಂದ ಮೇಲೆ.
ನೂಲಿನ ಧೂಳು ಫ್ಯಾನಿಗೆ ಆಗದೆಂದು
ಮುಸುಕಿನ ಬಟ್ಟೆ ಉಳಿದದ್ದನ್ನು ಕತ್ತರಿಸಿ
ಪೆಟ್ಟಿಗೆಯ ಮುಖಕ್ಕೆ ಹೊಲಿದು ಕೊಟ್ಟಿದ್ದಾಳೆ,
ಸುತ್ತ ಎಲಾಸ್ಟಿಕ್. ನನ್ನ ಯಂತ್ರವೂ ಮದುಮಗಳೇ.

ಲಾರಿ ಓಡಿಸುವ ಆಟ.
ಹಿಮ, ಪೈನ್ ಮರ, ನೇರ ರಸ್ತೆ.
ಗಂಟೆಗಟ್ಟಲೆ ಎದುರಿಗೆ ಯಾರೂ ಬರುವುದಿಲ್ಲ.
ಮೊದಲ ರಾತ್ರಿ ನೋಡಲು ಬಂದವರು ಮೂವರು.
ಮೈಕಿನ ಹತ್ತಿರ ಬಾಯಿಟ್ಟು ಪಿಸುಗುಟ್ಟುತ್ತಿದ್ದೆ,
ಫಂಗ್ ಮುದುಕ ಏಳದಿರಲಿ ಎಂದು.

"ಇನ್ನೂ ಎಷ್ಟು ದೂರ?" ಪರದೆಯ ಹಿಂದಿನಿಂದ ಅಮ್ಮ.
"ನಾನೂರು ಕಿಲೋಮೀಟರು."
"ಏನು ಹೇರಿದ್ದೀ?"
"ಮರದ ಹಲಗೆ."
"ಅಯ್ಯೋ, ಅಲ್ಲಿಗೂ ಹಲಗೆಯೇ?" ಎಂದಳು, ಮಗ್ಗುಲಾದಳು.

ಮೂವರಲ್ಲಿ ಒಬ್ಬರು ಬರೆದರು: ಯಾರ ದನಿ ಅದು?
ಉತ್ತರ ಬರೆಯೋಣವೆಂದುಕೊಂಡೆ,
ಅಷ್ಟರಲ್ಲಿ ತಿರುವು ಬಂತು. ಎರಡೂ ಕೈ ಬೇಕಾಯಿತು.