ಕಾಲು ಸುತ್ತು

ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ.
ಗ್ಯಾರೇಜಿನಲ್ಲಿ ಸ್ಪ್ಯಾನರು ಮುಟ್ಟಿದರೆ
ಬೆರಳಿನ ತೊಗಲು ಅದರ ಪಾಲು.
ಹಾಗಾಗಿ ಎಂಜಿನ್ನನ್ನೇ ಬಿಚ್ಚಿ, ಕಂಬಳಿ ಹೊದಿಸಿ,
ಮಕ್ಕಳ ಹಿಮಬಂಡಿಯ ಮೇಲೆ ಎಳೆದು ತಂದೆ.
ನಾನೂ ಮೇಲ್ಮನೆಯ ತಿಮೊಫೇಯೂ ನಾಲ್ಕು ಮಹಡಿ ಹೊತ್ತೆವು,
ತಿರುವಿಗೊಮ್ಮೆ ಇಳಿಸಿ, ಉಸಿರು ಬಿಟ್ಟು.
ನೆರೆಯವರು ಬಾಗಿಲ ಸಂದಿಯಿಂದ ನೋಡಿದರು
ಯಾರಿಗೋ ಹುಷಾರಿಲ್ಲ ಅನ್ನುವ ಹಾಗೆ.

ಈಗ ಅದು ಅಡುಗೆಮನೆಯ ಮೇಜಿನ ಮೇಲೆ,
ಹಳೇ ಪತ್ರಿಕೆ ಹಾಸಿಕೊಂಡು ಕೂತಿದೆ.
ಕಿಟಕಿಯಾಚೆ ಇಝೆವ್ಸ್ಕಿನ ಕೆರೆ ಕಲ್ಲಾಗಿದೆ,
ಅದರಾಚೆ, ಇದನ್ನು ಹೆತ್ತು ಹೆರಿಗೆ ನಿಲ್ಲಿಸಿದ ಕಾರ್ಖಾನೆ.
ಅತಾಯ್ (ನಮ್ಮ ಉದ್ಮುರ್ತ್ ಮಾತಿನಲ್ಲಿ ಅಪ್ಪ)
ಮೂವತ್ತೊಂದು ವರ್ಷ ಅಲ್ಲಿ ಕ್ಲಚ್ಚು ಜೋಡಿಸಿದವನು.
ಚಹಾದ ಲೋಟ ಈಗ ಅವನ ಕೈಯನ್ನು ನಂಬುವುದಿಲ್ಲ.
"ಬಿಚ್ಚು," ಅಂದ.

ಎಡಬದಿಯ ಮುಚ್ಚಳ. ಕಪ್ಪೆಣ್ಣೆ ಬೋಗುಣಿಗೆ.
ತಳದ ಸೀಕಲಿನ ಹಾಗೆ ಅಂಟಿದ್ದ ಪ್ಯಾಕಿಂಗನ್ನು
ಬೆಣ್ಣೆಯ ಚೂರಿಯಲ್ಲಿ ಕೆರೆದೆ;
ಆ ಚೂರಿ ಇನ್ನು ಬೆಣ್ಣೆಗೆ ಆಗದು.
ಐದು ನಟ್ಟು, ಐದು ಸ್ಪ್ರಿಂಗು,
ಆಮೇಲೆ ತಟ್ಟೆಗಳು, ಒಂದರ ಬೆನ್ನಿಗೊಂದು,
ಸುಟ್ಟ ಕೊಂಬಿನ ವಾಸನೆ.
"ಏರಿನಲ್ಲಿ ಅರ್ಧ ಹಿಡಿದು ಓಡಿಸಿದ್ದೀ," ಮೂಗಿನಿಂದಲೇ ಓದಿ ಹೇಳಿದ.
ಹೌದು. ಸೈಡ್‌ಕಾರಿನಲ್ಲಿ ನಾಲ್ಕು ಮೂಟೆ ಆಲೂಗಡ್ಡೆ,
ಮೂಟೆಗಳ ಮೇಲೆ ಅವನೇ, ಅರಸನ ಹಾಗೆ.
ನೆನಪಿಸಲಿಲ್ಲ ನಾನು.

ಉಕ್ಕಿನವನ್ನು ಗಾಜಿನ ಮೇಲಿಟ್ಟು ನೋಡಬೇಕು,
ಸೊಟ್ಟಗಿದ್ದರೆ ಆಡುತ್ತವೆ.
ಅಮ್ಮನ ಕನ್ನಡಿ ಗೋಡೆಯಿಂದ ಇಳಿಸಿದೆ.
ಒಂದೊಂದೇ ತಟ್ಟೆ, ಒಳಗಿನ ನನ್ನ ಮುಖದ ಮೇಲೆ.
ಮೂರನೆಯದು ಟಕ್ ಟಕ್ ಅಂದಿತು.
ಅತಾಯ್ ಕಣ್ಣು ಮುಚ್ಚಿದ್ದ. "ಅದನ್ನ ಎಸಿ."

ಹೊಸವು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಯಬೇಕು, ಕಡಲೆಯಂತೆ.
ಪೆರೆಪೆಚಿ ಬೇಯಿಸುವ ತಗಡು ಸರಿಹೋಯಿತು.
ಪಕ್ಕದಲ್ಲಿ ನಾಳೆಗೆಂದು ರೈ ಹಿಟ್ಟು ಕಲಸಿಟ್ಟಿತ್ತು.
ನಡುರಾತ್ರಿ ನೀರಿಗೆ ಎದ್ದರೆ
ಎರಡೂ ಕತ್ತಲಲ್ಲಿ ಸುಮ್ಮನೆ ಹದಗೊಳ್ಳುತ್ತಿದ್ದವು.

ಬೆಳಗ್ಗೆ ಸ್ಪ್ರಿಂಗು ಬಿಗಿಯುವ ಕೆಲಸ.
ಒತ್ತುವ ತಟ್ಟೆ ಸುತ್ತಲೂ ಒಟ್ಟಿಗೇ ಏಳಬೇಕು,
ಒಂದಂಚು ಮೊದಲೆದ್ದರೆ ಎಲ್ಲ ಕೆಟ್ಟಿತು.
"ನಿಮ್ಮಮ್ಮನ ಪೆಟ್ಟಿಗೆ ಎತ್ತುವಾಗ
ಕೋಸ್ತ್ಯ ಮೊದಲು ಎತ್ತಿಬಿಟ್ಟನಲ್ಲ, ಹಾಗೆ."
ನಾನು ಸ್ಪ್ಯಾನರು ಕೆಳಗಿಟ್ಟೆ.
ಮತ್ತೆ ಎತ್ತಿಕೊಂಡೆ.
ಒಂದಕ್ಕೆ ಅರ್ಧ ಸುತ್ತು, ಎದುರಿನದಕ್ಕೆ ಅರ್ಧ,
ಕೆಳಮನೆಯ ಫಾಯಿನಾ ಪೈಪು ಬಡಿಯುವತನಕ.

ಏಪ್ರಿಲ್. ಅಂಗಳದ ತುಂಬ ಕರಗಿದ ಕೆಸರು.
ಎಂಜಿನ್ ತನ್ನ ಜಾಗದಲ್ಲಿದೆ, ಕೇಬಲ್ಲು ಹೊಸದು,
ಲಿವರಿನ ಬುಡದಲ್ಲಿ ಬಿಡುವು ಎಷ್ಟಿರಬೇಕು?
ಕೂಗಿ ಕೇಳಿದೆ. ನಾಲ್ಕನೇ ಮಹಡಿಯ ಕಿಟಕಿ ತೆರೆಯಿತು,
ಕಾಲುಚೀಲಕ್ಕೆ ಕಟ್ಟಿದ್ದು ಏನೋ ಕೆಸರಿಗೆ ಬಿತ್ತು.
ಐದು ಕೊಪೆಕ್ಕಿನ ಎರಡು ನಾಣ್ಯ.
ಅಚ್ಚು ಹಾಕಿದ ದೇಶವೇ ಈಗಿಲ್ಲ,
ಇವಕ್ಕೆ ಒಂದು ಬೆಂಕಿಕಡ್ಡಿಯೂ ಬಾರದು,
ದಪ್ಪ ಮಾತ್ರ ಇದ್ದಷ್ಟೇ ಇದೆ.
ಎರಡನ್ನೂ ಜೋಡಿಸಿ ಸಂದಿಗೆ ತೂರಿಸಿದೆ:
ಬಿಗಿಯಾದರೆ ಜಾರುತ್ತದೆ, ಸಡಿಲಾದರೆ ಬಿಟ್ಟುಕೊಡುವುದಿಲ್ಲ.

ಒದ್ದೆ. ಮೂರನೆಯ ಒದೆತಕ್ಕೆ ಕೆಮ್ಮಿ ಎದ್ದಿತು.
ಲಿವರು ಪೂರಾ ಒತ್ತಿ ಹಿಡಿದು ಒಂದನೇ ಗೇರು.
ಆದರೂ ಗಾಡಿ ಮೆಲ್ಲಗೆ ಮುಂದಕ್ಕೆ ತೆವಳುತ್ತಿದೆ,
ಹೋಗು ಅಂದವರಿಲ್ಲ, ನಿಲ್ಲಲು ಮನಸ್ಸಿಲ್ಲ.
ತಲೆಯೆತ್ತಿ ನೋಡಿದೆ.
ಅತಾಯ್‌ನ ಕೈ ಕಿಟಕಿಯಲ್ಲಿ, ಗಾಳಿಯಲ್ಲಿ,
ಇಷ್ಟೇ ಇಷ್ಟು ತಿರುಗಿತು.
ಕಾಲು ಸುತ್ತು ಅಂದನೋ,
ಬರಿಯ ನಡುಕವೋ.

ಕಾಲು ಸುತ್ತು ಬಿಗಿದೆ.
ಚಕ್ರ ನಿಂತಿತು, ಎಂಜಿನ್ ನಿಲ್ಲಲಿಲ್ಲ.