ಒಂದು ಅಂಕದ ಪ್ರಶ್ನೆ

ಶಾರ್ಜಾದ ರೋಲಾ, ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿ.
ಇಪ್ಪತ್ತೆಂಟು ವರ್ಷದ ಕಟ್ಟಡ, ಅದಕ್ಕೊಂದೇ ಲಿಫ್ಟು.
ಆರು ಜನ ಅಥವಾ ನಾನೂರೈವತ್ತು ಕೇಜಿ
ಎಂದು ಅರಬ್ಬಿಯಲ್ಲಿ ಬರೆದಿದೆ.
ನಾವಿದ್ದದ್ದು ಇಬ್ಬರು, ಮತ್ತೊಂದು ಸಿಲಿಂಡರು.

ನನ್ನ ಕೈಯಲ್ಲಿ ಒಂಬತ್ತನೇ ಕ್ಲಾಸಿನ ಏಳು ನೋಟುಪುಸ್ತಕ:
ಚಲನೆ, ಬಲ, ಕೆಲಸ ಮತ್ತು ಶಕ್ತಿ.
ಅವನ ಹೆಗಲ ಮೇಲೆ ಗ್ಯಾಸು.
ಮೂರಕ್ಕೂ ನಾಲ್ಕಕ್ಕೂ ನಡುವೆ
ಒಂದು ಕುಲುಕು. ದೀಪ ಹೋಯಿತು.
ಫ್ಯಾನು ಮಾತ್ರ ಇನ್ನೆರಡು ಸುತ್ತು ತಿರುಗಿ
(ಜಡತ್ವ, ಪುಟ ತೊಂಬತ್ತು)
ನಿಂತಿತು. ಜುಲೈ ತಿಂಗಳು.

ಅಯ್ಯೋ ಶಿವನೇ, ಅಂದೆ.
ಕತ್ತಲೆ ಕನ್ನಡದಲ್ಲೇ ಉತ್ತರ ಕೊಟ್ಟಿತು:
"ಅಂಜಬ್ಯಾಡ್ರಿ ಅಕ್ಕೋರ, ಇದರ ಚಾಳಿನೇ ಇಷ್ಟು."

ಹೆಸರು ಲಾಡ್ಲೇಸಾಬ, ಆಳಂದದ ಕಡೆಯವನು.
ಏಳು ವರ್ಷದಿಂದ ಈ ಓಣಿಯ ಅನ್ನ ಬೇಯುವುದು
ಅವನ ಎಡ ಹೆಗಲಿನಿಂದ.
ಇಳಿಸಪ್ಪಾ ಅದನ್ನು, ಅಂದೆ.
"ಇಳಿಸಿದ್ರ ಮತ್ತ ಎತ್ತಬೇಕಲ್ರೀ.
ಹೊತ್ತು ನಿಂದ್ರೂದು ಹೆಂಗರ ನಡೀತದ,
ದಮ್ಮು ಬೇಕಾಗೂದು ಎತ್ತೂದಕ್ಕ."

ಎರಡು ವಾರ ಬಾಯಿ ಒಣಗಿಸಿಕೊಂಡು
ಏಳು ಮಕ್ಕಳ ತಲೆಗೆ ಹೋಗದ್ದನ್ನು
ಅವನು ಗೋಡೆಗೊರಗಿ ಹೇಳಿಬಿಟ್ಟ.

ಬೇರೇನು ಮಾಡಲಿ, ಪಾಠ ಮಾಡಿದೆ.
ಬಲ ಹಾಕಿದ ವಸ್ತು ಬಲದ ದಿಕ್ಕಿಗೆ
ಎಷ್ಟು ಸರಿಯಿತೋ ಅಷ್ಟು ಕೆಲಸ.
ಸರಿಯದಿದ್ದರೆ ಶೂನ್ಯ.
ಈಗ ನೀನು ಮಾಡುತ್ತಿರುವುದು ಶೂನ್ಯ.
"ಯಾರ ಲೆಕ್ಕದಾಗ್ರಿ?"
ಪುಸ್ತಕದ ಲೆಕ್ಕದಲ್ಲಿ.
"ನಮ್ಮ ಕಂಪನ್ಯಾಗೂ ಅದೇ ಪುಸ್ತಕ ಇರಬೇಕು."

ಮೆಟ್ಟಿಲು ಹತ್ತಿದರೆ ಲೆಕ್ಕ ಬೇರೆ, ಎಂದು ಸಮಾಧಾನ ಹೇಳಿದೆ:
ಇಪ್ಪತ್ತೈದು ಕೇಜಿ, ಗುರುತ್ವಕ್ಕೆ ಹತ್ತು, ಎತ್ತರ ಹದಿನೈದು ಮೀಟರು,
ಮೂರು ಸಾವಿರದ ಏಳುನೂರ ಐವತ್ತು ಜೂಲು.
"ಭಾಳ ಆತೇನ್ರಿ?"
ಒಂದು ಖರ್ಜೂರದಲ್ಲಿ ಅದರ ಇಪ್ಪತ್ತು ಪಟ್ಟು ಇರುತ್ತದೆ.
ಅವನು ನಕ್ಕ. ಲಿಫ್ಟು ಸಣ್ಣಗೆ ಅಲುಗಿತು.
"ಹಂಗಾರ ದಿನಕ್ಕೊಂದು ಖರ್ಜೂರ ಸಾಕು ನನಗ.
ಮಾಲೀಕಗ ಹೇಳಿಗೀಳೀರಿ ಮತ್ತ."

ತಡಿ ತಡಿ, ತಪ್ಪಾಯಿತು.
ನಿನ್ನ ಮೈಯನ್ನೂ ನೀನೇ ಹೊರಬೇಕು, ಅದನ್ನು ಸೇರಿಸಲಿಲ್ಲ.
ಮತ್ತೆ ನಿಂತಲ್ಲೇ ನಿಂತರೂ
ಒಳಗೆ ಎಳೆ ಎಳೆಯಾಗಿ ಸ್ನಾಯು
ಬಿಗಿದು ಸಡಿಲಿ, ಬಿಗಿದು ಸಡಿಲಿ,
ಯಾರಿಗೂ ಕಾಣದಷ್ಟು ಸರಿಯುತ್ತಿರುತ್ತದೆ.
ಎಲ್ಲ ಬರೇ ಶಾಖವಾಗಿ ಹೋಗುತ್ತದೆ.
"ಅದನ್ನ ಹಿಡಿದು ಒಲೀಗೆ ಹಾಕೂದು ಕಲಿಸ್ರಿ,
ಈ ಡಬ್ಬಿ ಹೊರೂದೇ ತಪ್ಪತದ."

ಮೇಲೆಲ್ಲೋ ಕಬ್ಬಿಣ ಕಿರುಗುಟ್ಟಿತು.
ಇಬ್ಬರೂ ಸುಮ್ಮನಾದೆವು.
"ಹಗ್ಗ ಹರಿದ್ರ?"
ತುಂಬ ಹಳೆಯ ಪ್ರಶ್ನೆ. ಬೆವರು ಕಣ್ಣಿಗಿಳಿಯುತ್ತಿದ್ದರೂ
ಉತ್ತರ ತಾನಾಗಿ ಬಂತು:
ಬೀಳುವಷ್ಟು ಹೊತ್ತು ಹೆಗಲಿಗೆ ಭಾರವೇ ತಿಳಿಯುವುದಿಲ್ಲ.
ಸಿಲಿಂಡರು ಹತ್ತಿ.
ಅವನು ಸ್ವಲ್ಪ ಯೋಚಿಸಿದ.
"ಅಂದ್ರ ಹಗುರ ಆಗಬೇಕಂದ್ರ ಬೀಳಬೇಕು.
ಬ್ಯಾಡ್ರಿ. ಭಾರನೇ ಇರಲಿ."

ದೀಪ ಬಂತು. ಮೇಲಕ್ಕೆ ಹೊರಡುವಾಗ
ಆ ಒಂದು ಕ್ಷಣ ಎಲ್ಲಕ್ಕೂ ತೂಕ ಹೆಚ್ಚುತ್ತದಲ್ಲ,
ನಾನು ಎಚ್ಚರಿಸುವ ಮೊದಲೇ
ಅವನ ಮೊಣಕಾಲು ಮಡಿಚಿ ತಯಾರಾಗಿತ್ತು.
ಐದರಲ್ಲಿ ಇಳಿದ. ನೆಲದ ಮೇಲೆ
ಎರಡು ಚಪ್ಪಲಿಯ ಆಕಾರದ ಒಣ ಜಾಗ,
ಸುತ್ತ ನೀರು.

ಭಾನುವಾರದ ಟೆಸ್ಟಿಗೆ ಬರೆದುಕೊಟ್ಟೆ:
ನಿಂತ ಲಿಫ್ಟಿನಲ್ಲಿ ಒಬ್ಬ ಇಪ್ಪತ್ತೈದು ಕೇಜಿ ಹೊತ್ತು
ನಲವತ್ತು ನಿಮಿಷ ನಿಂತಿದ್ದಾನೆ. ಮಾಡಿದ ಕೆಲಸವೆಷ್ಟು?
ಆರು ಮಕ್ಕಳು ಶೂನ್ಯ ಎಂದರು.
ಸರಿ, ಸರಿ, ಸರಿ, ಪೆನ್ನು ತಾನೇ ಓಡಿತು.

ಐದನೇ ಮಾಳಿಗೆಯ ಡೆಲ್ಸನ್ ಬರೆದಿದ್ದಾನೆ:
ಶೂನ್ಯ, ಟೀಚರ್. ಆದರೆ ಅವರು ಬಂದದ್ದು ನಮ್ಮ ಮನೆಗೆ.
ನಾಲ್ಕು ಗ್ಲಾಸು ನೀರು ಕುಡಿದರು.
ಅದನ್ನು ಯಾವ ಕಡೆ ಬರೆಯಬೇಕು?