ಹನ್ನೊಂದು ಅಡಿ

ಮನೆ ತೋರಿಸಿದವಳು ಒರ್ಲೀನ್ ಟಕೆಟ್.
ಮಾರ್ಚ್ ತಿಂಗಳು. ಮೊಹಾವಿ ಮರುಭೂಮಿಯ ಮಾರ್ಚ್ ಎಂದರೆ
ಸಾಲ ಕೇಳಲು ಬಂದವನ ಮಾತಿನಷ್ಟು ತಂಪು.
ಒಲೆ, ನಲ್ಲಿ, ಬಿರುಕುಬಿಟ್ಟ ಗ್ಯಾರೇಜು
ಏನನ್ನೂ ಅವಳು ತೋರಿಸಲಿಲ್ಲ.
ಸೀದಾ ಹಿಂಬಾಗಿಲು ತೆಗೆದು
'ನೋಡಿ' ಅಂದಳು.

ನೀರು.

ಮೂವತ್ತೊಂದು ವರ್ಷ ಬಾರ್‌ಸ್ಟೋದ ಅಂಚೆ ಕಚೇರಿಯಲ್ಲಿ
ಬೇರೆಯವರ ವಿಳಾಸ ವಿಂಗಡಿಸಿದವಳು ನಾನು.
ನನ್ನ ವಿಳಾಸದಲ್ಲೂ ಲೇಕ್ ಅನ್ನುವ ಪದವೊಂದು ಇರಲಿ ಅಂತ
ಒಳಗೊಳಗೇ ಆಸೆಯಿತ್ತು ಎಂದು
ಅವತ್ತೇ ನನಗೂ ಗೊತ್ತಾದದ್ದು.

'ಎಷ್ಟು ಆಳ?' ಕೇಳಿದೆ.
'ಹನ್ನೊಂದು ಅಡಿ' ಅಂದಳು ಒರ್ಲೀನ್,
ನೀರನ್ನಲ್ಲ, ನನ್ನ ಚಪ್ಪಲಿಯನ್ನು ನೋಡುತ್ತ.

ಕಾಗದಪತ್ರ ನೂರ ನಲವತ್ತು ಪುಟ.
ಬೇಲಿಗೆ ಮೂರೇ ಬಣ್ಣ: ಮರಳು, ಕಡುಮರಳು, ಸಂಜೆಮರಳು.
ದೋಣಿಗೆ ಎಂಜಿನ್ ಕೂಡದು, ಬಾತುಗಳಿಗೆ ಬ್ರೆಡ್ಡು ಕೂಡದು.
ತಿಂಗಳಿಗೆ ಇನ್ನೂರ ಹನ್ನೆರಡು ಡಾಲರ್ ಸಂಘಕ್ಕೆ.
ಎಂಬತ್ತೆಂಟನೇ ಪುಟದಲ್ಲಿ, ಇರುವೆಸಾಲಿನಂಥ ಅಕ್ಷರದಲ್ಲಿ:
ಕೊಂಡವರಿಗೆ ಸಲ್ಲುವುದು ನೀರಿನ ನೋಟ;
ನೀರಲ್ಲ.
ಸಹಿ ಹಾಕಿದೆ.

ಇದು ಮಳೆ ತಂದ ನೀರಲ್ಲ, ಹೊಳೆ ತಂದದ್ದಲ್ಲ.
ಎರಡು ಪಂಪು ಹಗಲಿರುಳು ನೆಲದ ಹೊಟ್ಟೆಯಿಂದ ಎತ್ತುತ್ತವೆ,
ಬಿಸಿಲು ಕುಡಿಯುತ್ತದೆ.
ರಾತ್ರಿ ದಿಂಬಿಗೆ ಕಿವಿ ಒತ್ತಿದರೆ ಗುಂಯ್ ಅನ್ನುತ್ತದೆ.
ಅದನ್ನು ಜೀರುಂಡೆ ಅಂದುಕೊಳ್ಳಲು ಕಲಿತೆ.

ಹೈವೇಯ ಮೇಲೆ ಬಿಸಿಲ್ಗುದುರೆ ಪುಕ್ಕಟೆ.
ನಾವು ನಾನೂರು ಮನೆಯವರು ಸೇರಿ
ಒಂದನ್ನು ಹಿಡಿದು ತಂದು, ಲಾಯ ಕಟ್ಟಿ,
ತಿಂಗಳಾ ತಿಂಗಳಾ ಮೇವು ಹಾಕುತ್ತಿದ್ದೇವೆ.

ಮೂರನೇ ವರ್ಷದ ಆಗಸ್ಟ್. ನೂರ ಹದಿನಾರು ಡಿಗ್ರಿ.
ಗುಂಯ್ ನಿಂತಿತು.
ಸದ್ದಿಲ್ಲದ್ದಕ್ಕೆ ಎಚ್ಚರವಾಗಿ ಎದ್ದು ಕೂತೆ.
ಒಂದು ಪಂಪು ಸುಟ್ಟಿದೆ; ಇನ್ನೊಂದು ಜೂನಿನಲ್ಲೇ ಸುಟ್ಟಿತ್ತಂತೆ.
ಪಂಪಿನ ಎಫ್ರೈನ್ ಸೊಲೋರ್ಸಾನೊ ಮೂರು ಸಲ ಬರೆದುಕೊಟ್ಟಿದ್ದ,
ಸಂಘದವರು ಬೇಲಿಯ ಬಣ್ಣದ ಚರ್ಚೆಯಲ್ಲಿದ್ದರು.

ದಿನಕ್ಕೆ ಅರ್ಧ ಇಂಚು ಆಕಾಶಕ್ಕೆ,
ಅರ್ಧ ಇಂಚು ತಳದ ಹರಕು ಪ್ಲಾಸ್ಟಿಕ್ಕಿಗೆ.
ಎಫ್ರೈನ್ ಮೀನುಗಳನ್ನು ಡ್ರಮ್ಮಿನಲ್ಲಿ ತುಂಬಿ ಎಲ್ಲಿಗೋ ಒಯ್ದ.
ಬಾತುಗಳು ಮಾತ್ರ ಕೆಸರಲ್ಲಿ ಕೂತೇ ಇದ್ದವು,
ಬಾಡಿಗೆ ಮುಂಗಡ ಕೊಟ್ಟವರ ಹಾಗೆ.

ಸೆಪ್ಟೆಂಬರ್ ಕೊನೆಗೆ ತಳ ಕಂಡಿತು.
ಎರಡು ಗಾಲ್ಫ್ ಗಾಡಿ. ಒಂದು ಹಲ್ಲುಸೆಟ್ಟು.
ಯಾರದೋ ಸಿಟ್ಟಿಗೆ ಎಸೆದ ಹದಿನಾಲ್ಕು ಬೋರ್ಡು:
'ಮಾರಾಟಕ್ಕಿದೆ. ಒರ್ಲೀನ್ ಟಕೆಟ್.'
ಎಲ್ಲದರಲ್ಲೂ ಅವಳು ನಗುತ್ತಿದ್ದಳು.

ಒಣಗಿದ ಮೇಲೆ ಒಂದು ಸಂಜೆ ಇಳಿದು ನಡೆದೆ.
ನಟ್ಟನಡುವೆ ನಿಂತು ಹಳೆಯ ನೀರುಗೆರೆಗೆ ನನ್ನನ್ನು ಅಳೆದೆ:
ಎದೆಯವರೆಗೆ ಮಾತ್ರ.
ಆ ಕಡೆಯಿಂದ ಒಬ್ಬ ಬಂದ. ವಾರ್ತಾನ್.
ಮೂರು ವರ್ಷ ನಾನು ದಿನಾ ಬೆಳಿಗ್ಗೆ ಕೈ ಬೀಸಿದ
ಎದುರು ದಡದ ಬಿಳಿ ಅಂಗಿ.
'ಟೋಪಿ ನೋಡಿ ನಿಮ್ಮನ್ನು ಗಂಡಸು ಅಂದುಕೊಂಡಿದ್ದೆ' ಅಂದ.
ನಕ್ಕೆವು. ಅವನ ಜೇಬಿನಲ್ಲಿ ಒಣ ಏಪ್ರಿಕಾಟ್ ಇತ್ತು.

ಆಮೇಲೆ ಸಂಜೆಯಾದರೆ ಎಲ್ಲರೂ ಇಳಿಯತೊಡಗಿದರು.
ಸೈಕಲ್ಲು, ಮಡಚುವ ಕುರ್ಚಿ, ಯಾರದೋ ಅಕಾರ್ಡಿಯನ್.
ನೀರಿದ್ದಾಗ ಊರಾಗಿರಲಿಲ್ಲ ಇದು.

ಆದರೆ ಮನೆಬೆಲೆ ಅರ್ಧಕ್ಕಿಳಿಯಿತು. ನವೆಂಬರಿನಲ್ಲಿ ಮತದಾನ:
ಹೊಸ ಪಂಪಿಗೆ ಮನೆಗೆ ಆರು ಸಾವಿರ, ಹೌದೋ ಅಲ್ಲವೋ.
ಮೊದಲು ಕೈ ಎತ್ತಿದವರಲ್ಲಿ ನಾನೂ ಒಬ್ಬಳು.
ವಾರ್ತಾನ್ ನನ್ನನ್ನೊಮ್ಮೆ ನೋಡಿ, ತಡೆದು, ಎತ್ತಿದ.

ಮತ್ತೆ ಮಾರ್ಚ್. ಮತ್ತೆ ಗುಂಯ್.
ಪಕ್ಕದ ಹಿತ್ತಲಿಗೆ ಒರ್ಲೀನ್ ಯಾರನ್ನೋ ಕರೆತಂದಿದ್ದಾಳೆ,
ಎಳೆಯ ಜೋಡಿ. ಬೇಲಿಯ ಮೇಲಿಂದ ಆ ಹುಡುಗಿ ಕೇಳಿದಳು:
'ಇಲ್ಲೇ ಇರುವವರು ನೀವು. ನಿಜಕ್ಕೂ ಎಷ್ಟು ಆಳ?'

'ಹನ್ನೊಂದು' ಅಂದೆ.

ಎದುರು ದಡದಲ್ಲಿ ಬಿಳಿ ಅಂಗಿ ಕೈ ಎತ್ತಿತು.
ಟೋಪಿ ತೆಗೆದೆ.